ಆಯಿ ಹುಟ್ಟಿದ್ದು ಯಾವ ವರ್ಷ? ಒಂದು ಪುಸ್ತಿಕೆಯ ಮೊದಲ ಸಾಲಿಗಾಗಿ ಸಹಾಯ ಬೇಕು

ಕಾಗಿಣಾದಂಡೆ (ಚಿತ್ತಾಪುರ)

ವೇದಿಕೆಯ ಎಲ್ಲರಿಗೂ ಶರಣು. ನಮ್ಮ ಆಯಿ, ಎಂದರೆ ತಂದೆಯ ತಾಯಿ, ಕಳೆದ ಕಾರ್ತಿಕದಲ್ಲಿ ತೀರಿಕೊಂಡಳು. (ಬಹುವಚನದಲ್ಲಿ ಬರೆದರೆ ಬೇರೆ ಯಾರ ಆಯಿಯನ್ನೋ ಬರೆದಂತಾಗುತ್ತದೆ, ಏಕವಚನವನ್ನು ಯಾರೂ ತಪ್ಪು ತಿಳಿಯಬಾರದು.) ವರ್ಷದ ಪುಣ್ಯಸ್ಮರಣೆಯ ದಿನ ಬಂಧುಗಳಿಗೆ ಹಂಚಲು ಆಕೆಯ ಬದುಕನ್ನು ಇಪ್ಪತ್ತು ಪುಟಗಳ ಪುಸ್ತಿಕೆಯಾಗಿ ಬರೆಯುವ ಹೊಣೆಯನ್ನು ಮನೆಯವರು ನನಗೆ ಒಪ್ಪಿಸಿದ್ದಾರೆ, ಮನೆಯಲ್ಲಿ ಕನ್ನಡ ಎಂ.ಎ. ಮಾಡಿದವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಬರೆಯಲು ಕುಳಿತು ಎರಡು ತಿಂಗಳಾಯಿತು. ‘ಆಯಿ ಹುಟ್ಟಿದ್ದು’ ಎಂಬ ಎರಡು ಶಬ್ದಗಳಿಂದ ಮುಂದೆ ಹೋಗಲು ಆಗಿಲ್ಲ.

ಆಧಾರ್ ಕಾರ್ಡಿನಲ್ಲಿ ಆಕೆಯ ಜನ್ಮದಿನ 01-01-1936. ನಮ್ಮ ಊರಿನಲ್ಲಿ ಆಕೆಯ ವಾರಿಗೆಯ ಮುದುಕಿಯರು ಬಹುತೇಕ ಎಲ್ಲರೂ ಜನವರಿ ಒಂದರಂದೇ ಹುಟ್ಟಿದವರು, ಶಾಲೆಗೆ ಹೋದ ಅವರ ಮಕ್ಕಳು ಜೂನ್ ಒಂದರಂದು ಹುಟ್ಟಿದವರು. ಆದ್ದರಿಂದ ತಾರೀಖನ್ನಂತೂ ನಾನು ನಂಬುವುದಿಲ್ಲ; ವರ್ಷವನ್ನಾದರೂ ನಂಬಬಹುದೇ ಎಂಬುದು ನನ್ನ ಪ್ರಶ್ನೆ. ನಮ್ಮ ಕಾಕಾ ನಂಬಿಬಿಟ್ಟಿದ್ದಾರೆ. ಸಮಾಧಿಗೆ ಹಾಕಿದ ಶಹಾಬಾದ್ ಕಲ್ಲಿನ ಮೇಲೆ ‘ವಯಸ್ಸು 88’ ಎಂದು ಕೆತ್ತಿಸಿಯೂ ಆಗಿದೆ.

ಆಯಿಯ ತವರು ಆಳಂದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿದ ಒಂದು ಹಳ್ಳಿ. ಕೊಟ್ಟ ಊರು ಕಾಗಿಣಾ ಹೊಳೆಯ ದಂಡೆಯ ನಮ್ಮ ಹಳ್ಳಿ. ಅಕ್ಷರ ಕಲಿತವಳಲ್ಲ, ಆದರೆ ಎಷ್ಟು ಸೇರು ಜೋಳಕ್ಕೆ ಎಷ್ಟು ರೊಟ್ಟಿ, ಯಾರ ಮನೆಯ ಮದುವೆಗೆ ನಾವು ಎಷ್ಟು ಆಯೇರಿ ಮಾಡಿದ್ದೆವು, ಅವರು ತಿರುಗಿ ಎಷ್ಟು ಮಾಡಬೇಕು ಎಂಬುದೆಲ್ಲ ಆಕೆಯ ತಲೆಯಲ್ಲಿಯೇ ಇರುತ್ತಿತ್ತು. ಆಕೆ ಬಿಟ್ಟುಹೋದದ್ದು ಒಂದು ತಗಡಿನ ಸಂದೂಕ. ಅದರಲ್ಲಿ ಎರಡು ಇಳಕಲ್ ಸೀರೆ, ಒಂದು ಕೌದಿ, ಹಿತ್ತಾಳೆಯ ಒಂದು ಪಾವು, ಮಡಿಕೆಯಲ್ಲಿ ಹರಿದ ಪಿಂಚಣಿಯ ಕಾಗದಗಳು, ಅರಿವೆಯ ಗಂಟಿನಲ್ಲಿ ಒಂದು ಬೆಳ್ಳಿಯ ರೂಪಾಯಿ. ರೂಪಾಯಿಯ ಒಂದು ಬದಿಗೆ ಚಾರ್‌ಮಿನಾರ್ ಇದೆ. ‘ನನ್ನ ಲಗ್ನದಾಗ ಸ್ವಾದರಮಾವ ಆಯೇರಿ ಮಾಡಿದ್ದು’ ಎಂದು ಆಯಿ ಹೇಳುತ್ತಿದ್ದುದನ್ನು ಮನೆಯಲ್ಲಿ ಎಲ್ಲರೂ ಕೇಳಿದ್ದೇವೆ. ಹನ್ನೆರಡನೆಯ ವಯಸ್ಸಿಗೆ ಲಗ್ನವಾಯಿತೆಂಬುದನ್ನೂ ಕೇಳಿದ್ದೇವೆ. ನಿಜಾಮನ ಆಳ್ವಿಕೆ 1948ಕ್ಕೆ ಮುಗಿಯಿತು. ಲಗ್ನದಲ್ಲಿ ನಿಜಾಮನ ನಾಣ್ಯ ಬಂದಿದ್ದರೆ ಲಗ್ನ ಅದಕ್ಕೂ ಮೊದಲೇ ಆಗಿರಬೇಕು. ಹಾಗಾದರೆ ಆಧಾರ್ ಹೇಳುವ 1936 ಸರಿಯಿರಬಹುದು ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಆದರೂ ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಇಲ್ಲಿಯವರೆಗೆ ಬರೆದ ಕರಡಿನ ಒಂದು ತುಣುಕನ್ನು ಕೆಳಗೆ ಕೊಟ್ಟಿದ್ದೇನೆ, ಓದಿ ತಿದ್ದಬೇಕೆಂದು ವಿನಂತಿ:

‘ಆಯಿ ಎಂದೂ ಯಾರನ್ನೂ ದೂರಿದವಳಲ್ಲ. ನಸುಕಿನಲ್ಲಿ ಎದ್ದು ಎಸರು ಇಟ್ಟು, ಕುದಿಯುವ ನೀರನ್ನು ಹಿಟ್ಟಿನ ನಡುವಿನ ಕುಳಿಗೆ ಸುರಿದು, ಸುಡುಸುಡು ಇರುವಾಗಲೇ ಅಂಗೈಯ ಬುಡದಿಂದ ನಾದುತ್ತಿದ್ದಳು. ಆಕೆ ಬಡಿದ ರೊಟ್ಟಿಯ ಅಂಚು ಎಲ್ಲಿಯೂ ಒಡೆಯುತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದ ಅರಿವೆಯನ್ನು ಮತ್ತೆ ನೀರಿನಲ್ಲಿ ಅದ್ದುವಷ್ಟರಲ್ಲಿ ಮುಂದಿನ ರೊಟ್ಟಿಯ ಅರ್ಧ ಸುತ್ತು ಮುಗಿದಿರುತ್ತಿತ್ತು. ಹದಿನಾರು ಜನರ ಮನೆಯಲ್ಲಿ ಎಲ್ಲರೂ ಉಂಡ ಮೇಲೆಯೇ ಆಕೆ ಉಣ್ಣುತ್ತಿದ್ದಳು. ಅಂಥ ತಾಳ್ಮೆಯ ತಾಯಿ ಈಗ ಎಲ್ಲಿ?’

ಇನ್ನೊಂದು ವಿಷಯವಿದೆ, ಅದನ್ನು ಕರಡಿನಲ್ಲಿ ಎಲ್ಲಿ ಸೇರಿಸಬೇಕೆಂದೇ ತಿಳಿಯದೆ ಹೊರಗಿಟ್ಟಿದ್ದೇನೆ. ಪ್ರತಿ ವರ್ಷ ಭಾದ್ರಪದದ ಹುಣ್ಣಿಮೆಯ ರಾತ್ರಿ ಆಯಿ ಮನೆಯೊಳಗೆ ಮಲಗುತ್ತಿರಲಿಲ್ಲ. ಮಳೆ ಬರಲಿ ಬಿಡಲಿ, ಕೌದಿಯನ್ನು ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಿದ್ದಳು. ಕೇಳಿದರೆ ‘ಜೋಕಪ್ಪನ ಹುಣ್ಣಿಮಿ ನಮಗ ಆಗಿಬರಂಗಿಲ್ಲ’ ಎನ್ನುತ್ತಿದ್ದಳು, ಅಷ್ಟೇ. (ಜೋಕಪ್ಪ ಎಂದರೆ ಭಾದ್ರಪದದಲ್ಲಿ ಮನೆಮನೆಗೆ ಬರುವ ಜೋಕುಮಾರ ದೇವರು.) ನಾವು ಮಕ್ಕಳು ನಗುತ್ತಿದ್ದೆವು.

ಬಿದ್ರಿಕುಸುರಿ (ಬೀದರ್)

ಅಕ್ಕಾವರೇ, ಮೊದಲು ನಿಮ್ಮ ರೂಪಾಯಿಯ ಮಾತು. ಹಳೆಯ ನಾಣ್ಯ ಕೂಡಿಡುವ ಹುಚ್ಚು ನನಗೆ ಇಪ್ಪತ್ತು ವರ್ಷಗಳಿಂದ ಇರುವುದರಿಂದ ಇದೊಂದನ್ನು ಧೈರ್ಯವಾಗಿ ಹೇಳಬಲ್ಲೆ: ಆ ನಾಣ್ಯದಿಂದ ನೀವು ಕಟ್ಟಿದ ಲೆಕ್ಕ ನಿಲ್ಲುವುದಿಲ್ಲ.

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಹಣವಿತ್ತು. ನಮ್ಮ ಹಿರಿಯರು ಅದನ್ನು ಹಾಲಿ ರೂಪಾಯಿ ಎನ್ನುತ್ತಿದ್ದರು, ಬ್ರಿಟಿಷರದು ಕಲ್ದಾರ್ ರೂಪಾಯಿ. ಆರು ಕಲ್ದಾರಿಗೆ ಏಳು ಹಾಲಿ, ಹೆಚ್ಚುಕಡಿಮೆ ಇದು ಅವೆರಡರ ವಿನಿಮಯ. ಗಡಿಯ ಊರುಗಳವರು ಸೋಲಾಪುರದ ಪೇಟೆಗೆ ಹೋಗಿ ಬರುವುದೆಂದರೆ ಕಿಸೆಯಲ್ಲಿ ಎರಡೂ ಬಗೆಯ ಹಣ ಇಟ್ಟುಕೊಂಡೇ ಹೋಗಬೇಕಿತ್ತು. ನಿಮ್ಮ ನಾಣ್ಯವನ್ನು ಬೆಳಕಿಗೆ ಹಿಡಿದು ಚಾರ್‌ಮಿನಾರಿನ ನಡುವಿನ ಬಾಗಿಲನ್ನು ನೋಡಿರಿ. ಬಾಗಿಲೊಳಗೆ ಒಂದು ಸಣ್ಣ ಅಕ್ಷರ ಇರುತ್ತದೆ. ‘ಐನ್’ ಇದ್ದರೆ ಅದು ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನನ ಕಾಲದ್ದು, ‘ಮೀಮ್’ ಇದ್ದರೆ ಅವನ ತಂದೆ ಮಹಬೂಬ್ ಅಲಿ ಖಾನನ ಕಾಲದ್ದು. ಅದರ ಮೇಲಿನ ಇಸವಿ ಹಿಜರಿ ಲೆಕ್ಕದ್ದು. ಅದು ನಾಣ್ಯ ಟಂಕಿಸಿದ ವರ್ಷವನ್ನು ಹೇಳುತ್ತದೆಯೇ ಹೊರತು ನಿಮ್ಮ ಆಯಿಯ ಮಾವ ಅದನ್ನು ಆಕೆಯ ಉಡಿಗೆ ಹಾಕಿದ ವರ್ಷವನ್ನಲ್ಲ.

ಮುಖ್ಯ ಸಂಗತಿ ಇನ್ನೂ ಬೇರೆ. 1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿದ ಮರುದಿನವೇ ಹಾಲಿ ರೂಪಾಯಿ ಸಾಯಲಿಲ್ಲ. 1950ರ ದಶಕದ ಕೊನೆಯವರೆಗೂ ಅದು ಭಾರತದ ರೂಪಾಯಿಯ ಜೊತೆಜೊತೆಗೆ ನಡೆಯಿತು. ನಡೆಯುವುದು ನಿಂತ ಮೇಲೂ ಬೆಳ್ಳಿ ಬೆಳ್ಳಿಯೇ ಆದ್ದರಿಂದ ಮದುವೆ, ತೊಟ್ಟಿಲಿನ ಆಯೇರಿಗೆ ನಮ್ಮ ಕಡೆ ಅದನ್ನೇ ಬಳಸುತ್ತಿದ್ದರು. ಆದ್ದರಿಂದ ಲಗ್ನ 1948ಕ್ಕೂ ಮೊದಲೇ ಆಗಿರಬೇಕೆಂದು ಈ ನಾಣ್ಯ ಹೇಳುವುದಿಲ್ಲ.

ಹತ್ತಿಕುಣಿಕೆರೆ (ಯಾದಗಿರಿ)

ತಂಗಿ, ನಿನ್ನ ರೊಟ್ಟಿಯ ವರ್ಣನೆ ಚೆನ್ನಾಗಿದೆ. ನೀರು ಸವರಿದ ಅರಿವೆಯನ್ನು ಕಣ್ಣಾರೆ ನೋಡಿದವರು ಮಾತ್ರ ಹಾಗೆ ಬರೆಯಬಲ್ಲರು. ಆದರೆ ಆ ತುಣುಕಿನ ಮೊದಲ ಸಾಲು, ಕೊನೆಯ ಎರಡು ಸಾಲು ನಿನ್ನವಲ್ಲ. ಅವು ಎಲ್ಲ ಊರಿನ ಎಲ್ಲ ಶ್ರದ್ಧಾಂಜಲಿ ಫಲಕಗಳ ಮೇಲೆ ಇರುವ ಸಾಲುಗಳು. ನೊಂದುಕೊಳ್ಳಬೇಡ. ನಾನೂ ನನ್ನ ಅಮ್ಮನ ಬಗ್ಗೆ (ನಮ್ಮ ಮನೆಯಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತೇವೆ) ಹೀಗೆಯೇ ಬರೆದು, ಆಮೇಲೆ ಹರಿದು ಹಾಕಿದವಳು.

ಎಲ್ಲರೂ ಉಂಡ ಮೇಲೆ ಆಕೆ ಉಣ್ಣುತ್ತಿದ್ದಳು ಎಂದು ಬರೆದೆ. ಸರಿ, ಆಗ ಬುಟ್ಟಿಯಲ್ಲಿ ಏನು ಉಳಿದಿರುತ್ತಿತ್ತು? ಅದನ್ನು ಬರೆ. ಹದಿನಾರು ಜನ ಉಂಡೆದ್ದ ಮೇಲೆ ಪುಂಡಿಪಲ್ಲೆಯ ತಳದಲ್ಲಿ ಉಳಿಯುವುದು ಎಷ್ಟೆಂದು ಅಡಿಗೆ ಮಾಡಿದವರಿಗೆ ಗೊತ್ತು. ಹೊಟ್ಟೆ ತುಂಬಿದವಳಂತೆ ನಟಿಸಿದ್ದನ್ನು ನಾವು ತಾಳ್ಮೆ ಎಂದು ಕರೆದರೆ ಉಂಡವರಿಗೆ ಅನುಕೂಲ. ದೂರಿದವಳಲ್ಲ ಎಂದೆ; ದೂರಿದ್ದರೆ ಕೇಳುವವರು ಯಾರಿದ್ದರು? ಬೀಸುವ ಪದಗಳಲ್ಲಿ ಅತ್ತೆ, ನಾದಿನಿ, ಕೊಟ್ಟ ಊರು ಎಲ್ಲದರ ಮೇಲೆ ಎಷ್ಟು ದೂರುಗಳಿವೆ ಎಂದು ಎಂ.ಎ. ಮಾಡಿದ ನಿನಗೆ ನಾನು ಹೇಳಬೇಕಾಗಿಲ್ಲ. ನಸುಕಿನಲ್ಲಿ ಬೀಸುಕಲ್ಲಿನ ಸದ್ದಿನೊಳಗೆ ಹೇಳಿದ ದೂರು ಗಂಡಸರ ಪಡಸಾಲೆಗೆ ಕೇಳಿಸುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಮಾತನ್ನು ಕೇಳಬೇಕೋ ಬೇಡವೋ ಎಂದು ಯೋಚಿಸಿ ಕೇಳುತ್ತಿದ್ದೇನೆ. ತವರಿನ ಹೊಲದಲ್ಲಿ ಆಕೆಗೆ ಏನು ಬಂತು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕು ಕೊಟ್ಟಿತ್ತು. ನಮ್ಮ ಮೂರೂ ಜಿಲ್ಲೆಗಳಲ್ಲಿ ಆ ಹಕ್ಕು ಎಷ್ಟು ಜನ ಹೆಣ್ಣುಮಕ್ಕಳ ಹೆಬ್ಬೆಟ್ಟಿನ ಕೆಳಗೆ ಹೋಯಿತೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ನಿನ್ನ ಪುಸ್ತಿಕೆಯಲ್ಲಿ ಅದಕ್ಕೆ ಒಂದು ಪುಟವಾದರೂ ಬೇಡವೇ?

ಕಾಗಿಣಾದಂಡೆ

ಬೀದರಿನ ಅಣ್ಣಾವರೇ, ಬಾಗಿಲಲ್ಲಿ ‘ಐನ್’ ಇದೆ. ಉರ್ದು ಬಲ್ಲ ನಮ್ಮ ನೆರೆಯವರಿಗೆ ತೋರಿಸಿ ಖಾತ್ರಿ ಮಾಡಿಕೊಂಡೆ. ನನ್ನ ಲೆಕ್ಕವನ್ನು ಹಿಂತೆಗೆದುಕೊಳ್ಳುತ್ತೇನೆ.

ಯಾದಗಿರಿಯ ಅಕ್ಕಾವರೇ, ನಿಮ್ಮ ಮಾತು ಓದಿ ಎರಡು ದಿನ ಸಿಟ್ಟು ಬಂದಿತ್ತು. ಮೂರನೆಯ ದಿನ ನಮ್ಮ ಅವ್ವನನ್ನು ಕೇಳಿದೆ. ಆಯಿ ಉಣ್ಣುತ್ತಿದ್ದುದು ಬಹಳ ದಿನ ನುಚ್ಚು, ಮಜ್ಜಿಗೆ, ಮೇಲೆ ಶೇಂಗಾ ಹಿಂಡಿ. ರೊಟ್ಟಿ ಉಳಿದರೆ ರೊಟ್ಟಿ. ‘ಆದರೆ ನಿಮ್ಮ ಆಯಿ ಹಸಿದು ಮಲಗುವ ಹೆಣ್ಣಲ್ಲ’ ಎಂದು ಅವ್ವ ನಕ್ಕಳು. ಜೋಳದ ಚೀಲದೊಳಗೆ ಮೊಳಕೈ ಮುಟ್ಟುವಷ್ಟು ಆಳದಲ್ಲಿ ಒಂದು ಡಬ್ಬಿ ಇತ್ತಂತೆ, ಅದರಲ್ಲಿ ಬೆಲ್ಲ, ಪುಠಾಣಿ. ಅವ್ವ ಈ ಮನೆಗೆ ಸೊಸೆಯಾಗಿ ಬಂದ ನಾಲ್ಕನೆಯ ತಿಂಗಳು, ಬಸುರಿ ಇದ್ದಾಗ, ಆಯಿ ಆಕೆಯ ಕೈ ಹಿಡಿದು ಚೀಲದೊಳಗೆ ತೂರಿಸಿ ಡಬ್ಬಿಯ ಜಾಗವನ್ನು ತೋರಿಸಿದಳಂತೆ. ಬಾಯಿಂದ ಒಂದು ಮಾತೂ ಆಡಲಿಲ್ಲವಂತೆ. ನಾನು ಬರೆದ ‘ತಾಳ್ಮೆಯ ತಾಯಿ’ಗಿಂತ ಈ ಮುದುಕಿ ನನಗೆ ಹೆಚ್ಚು ಸೇರಿದಳು. ಕರಡಿನ ಆ ಮೂರು ಸಾಲುಗಳನ್ನು ಹೊಡೆದು ಹಾಕಿದ್ದೇನೆ.

ಹಣವೂ ಇತ್ತು. ತೊಗರಿ ಕೊಯ್ದು ಹೋದ ಹೊಲಗಳಲ್ಲಿ ಹಕ್ಕಲು ಆಯುವುದು ಆಕೆಯದೇ ಹಕ್ಕು ಎಂಬಂತೆ ನಡೆದುಬಂದಿತ್ತು. ಉದುರಿದ ಕಾಳನ್ನು ಪಾವು ಪಾವಾಗಿ ಕೂಡಿಸಿ, ನೆನೆಸಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡಿ ಸಂತೆಗೆ ಕಳಿಸುತ್ತಿದ್ದಳು. ಸಂದೂಕಿನಲ್ಲಿದ್ದ ಹಿತ್ತಾಳೆಯ ಪಾವು ಅದೇ. ನಮ್ಮ ಅತ್ತೆಯ, ಎಂದರೆ ಆಯಿಯ ಹಿರಿಯ ಮಗಳ, ಶಾಲೆಯ ಪುಸ್ತಕಗಳು ಆ ಬೇಳೆಯಿಂದ ಬಂದವು. ಮುತ್ಯಾನಿಗೆ, ಎಂದರೆ ಆಯಿಯ ಗಂಡನಿಗೆ, ಇದು ಗೊತ್ತಿತ್ತೋ ಇಲ್ಲವೋ, ಗೊತ್ತಿಲ್ಲದವನಂತೆ ಇದ್ದನಂತೂ ಹೌದು.

ಹೆಬ್ಬೆಟ್ಟಿನ ಮಾತು ಕೇಳಿದಿರಿ. 1972ರ ಬರದಲ್ಲಿ ಸರಕಾರದ ಕಾಮಗಾರಿಯ ಮೇಲೆ ಆಯಿ ಕಂಕರ ಒಡೆದಳು. ಎಡಗೈಯಿಂದ ಕಲ್ಲು ಹಿಡಿದು ಬಲಗೈಯಿಂದ ಸುತ್ತಿಗೆ ಬೀಸುವುದು. ಒಂದು ಪೆಟ್ಟು ತಪ್ಪಿ ಎಡ ಹೆಬ್ಬೆರಳಿನ ಮೇಲೆ ಬಿದ್ದು ಉಗುರು ಎರಡಾಗಿ ಬೆಳೆಯಿತು, ಬೆರಳಿನ ತುದಿ ಗೋಲಿಯಂತೆ ನುಣ್ಣಗಾಯಿತು. ಆ ಕಾಮಗಾರಿಯ ಕೂಲಿಯಲ್ಲಿ ತಂದ ಕೆಂಪು ಜೋಳದ ರೊಟ್ಟಿಯನ್ನು ಎತ್ತೂ ಮೂಸುತ್ತಿರಲಿಲ್ಲವೆಂದು ಹೇಳುತ್ತಿದ್ದಳು. ಮುಂದೆ ಆಕೆಯ ತಂದೆ ತೀರಿದ ಮೇಲೆ ಹಕ್ಕು ಬಿಟ್ಟ ಪತ್ರಕ್ಕೆ ಒತ್ತಿದ್ದೂ ಅದೇ ಬೆರಳು. ಹಸಿರು ಬಳೆ, ಒಂದು ಸೀರೆ, ಹೋಳಿಗೆಯ ಊಟ, ಹೊಲ ಅಣ್ಣತಮ್ಮಂದಿರಿಗೆ. ಕೊನೆಗಾಲಕ್ಕೆ ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಗುರುತಿಸಲು ಒಪ್ಪಲಿಲ್ಲ. ‘ಹೊಲ ಬಿಡುವಾಗ ನಡೀತು, ಅಕ್ಕಿ ಕೊಡುವಾಗ ನಡ್ಯಂಗಿಲ್ಲ’ ಎಂದು ಆಯಿ ಅಂಗಡಿಯ ಮುಂದೆಯೇ ದೊಡ್ಡ ದನಿಯಲ್ಲಿ ಹೇಳಿದ್ದಳು. ದೂರಿದವಳಲ್ಲ ಎಂದು ನಾನು ಹೇಗೆ ಬರೆದೆನೋ ತಿಳಿಯದು.

ವಯಸ್ಸಿನ ಲೆಕ್ಕಕ್ಕೆ ಉಪಯೋಗವಾಗಬಹುದೆಂದು ಆಯಿಯ ಬಾಯಿಂದ ನಾವು ಕೇಳಿದ ಎರಡು ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ. ಒಂದು: ‘ಜೋಕಪ್ಪ ಬರಲಾರದ ವರ್ಷ ನನಗ ಮುಂದಿನ ಹಲ್ಲು ಇರಲಿಲ್ಲ.’ ಎರಡು: ‘ಲಗ್ನಾಗಿ ಮೂರನೇ ವರ್ಷಕ್ಕ ಮೈಸೂರ ಸೀಮಿ ಸೇರಿದೆವು, ನಿಮ್ಮ ಮುತ್ಯಾ ಕಲಬುರ್ಗಿಯಿಂದ ಪೇಢೆ ತಂದಿದ್ದ.’ ಕೌದಿಯ ಬಗ್ಗೆ ಒಂದು ಮಾತು ಇದೆ. ಅಂಚಿನಲ್ಲಿ ಆಕೆ ಹಾಕುತ್ತಿದ್ದ, ದಾರವನ್ನು ಎರಡು ಸಲ ಹಿಂದಕ್ಕೆ ತಂದು ಮುಂದೆ ಓಡಿಸುವ ಹೊಲಿಗೆಗೆ ‘ಬೂಬಮ್ಮನ ಹೊಲಿಗಿ’ ಎಂಬ ಹೆಸರು. ತವರಿನಲ್ಲಿ ಮಗ್ಗುಲ ಮನೆಯ ಬೂಬಮ್ಮ ಕಲಿಸಿದ್ದಂತೆ. ಆ ಮನೆಯವರು ಆಮೇಲೆ ಎಲ್ಲಿ ಹೋದರು ಎಂದರೆ ‘ಗದ್ದಲದಾಗ ಹ್ವಾದರು’ ಎನ್ನುತ್ತಿದ್ದಳು.

ಮಾಸ್ತರ (ಆಳಂದ)

ಚಿರಂಜೀವಿ ಮಗಳಿಗೆ ಆಶೀರ್ವಾದಗಳು. ನಾನು ನಿನ್ನ ಆಯಿಯ ತವರಿನ ತಾಲ್ಲೂಕಿನವನು, ಮೂವತ್ತ್ಮೂರು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ನಿನ್ನ ಆಯಿ ಇಸವಿಯನ್ನು ಹೇಳಿಯೇ ಹೋಗಿದ್ದಾಳೆ. ನಾವು ಅದನ್ನು ಓದಿಕೊಳ್ಳಬೇಕು, ಅಷ್ಟೇ.

ಜೋಕುಮಾರನು ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ, ಏಳು ದಿನ ಊರು ತಿರುಗಿ, ಹುಣ್ಣಿಮೆಯ ರಾತ್ರಿ ಸಾಯುವ ದೇವರು. ಅಗಲ ಕಣ್ಣಿನ, ತೆರೆದ ಬಾಯಿಯ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಹೊತ್ತು, ಬಾಯಿಗೆ ಬೆಣ್ಣೆ ಒರೆಸಿ, ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಬರುತ್ತಾರೆ. ಅದು ಊರು ತಪ್ಪಿಸುವ ಆಚರಣೆಯಲ್ಲ; ಜೋಕಪ್ಪ ಬಾರದಿದ್ದರೆ ಮಳೆಬೆಳೆ ಇಲ್ಲವೆಂಬ ನಂಬಿಕೆ. ಅಂಥ ಜೋಕಪ್ಪ ಬಾರದ ವರ್ಷ ಎಂದರೆ ಹೆಂಗಸರು ಬುಟ್ಟಿ ಹೊತ್ತು ಓಣಿಗೆ ಇಳಿಯಲಾರದಂಥ ವರ್ಷ.

1948ರ ದೀಪಾವಳಿಯ ಅಮಾವಾಸ್ಯೆ ನವೆಂಬರ್ 1ರಂದು ಬಂದಿತ್ತು; ಆ ದಿನ ಸೂರ್ಯಗ್ರಹಣವೂ ಆಗಿದ್ದುದರಿಂದ ತಿಥಿಯ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಅಲ್ಲಿಂದ ಒಂದೂವರೆ ಚಾಂದ್ರಮಾಸ ಹಿಂದಕ್ಕೆ ಎಣಿಸು. ಭಾದ್ರಪದದ ಹುಣ್ಣಿಮೆ ಸೆಪ್ಟೆಂಬರ್ 18ಕ್ಕೆ, ಶನಿವಾರಕ್ಕೆ ಬಂದು ನಿಲ್ಲುತ್ತದೆ. ಈಗ ಪೊಲೀಸ್ ಕಾರ್ಯಾಚರಣೆಯ ತಾರೀಖುಗಳನ್ನು ಅದರ ಪಕ್ಕದಲ್ಲಿ ಇಡು. ಭಾರತದ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿದ್ದು ಸೆಪ್ಟೆಂಬರ್ 13, ಸೋಮವಾರ. ನಿಜಾಮ ಶರಣಾದದ್ದು 17, ಶುಕ್ರವಾರ. ಸೋಲಾಪುರದಿಂದ ಹೊರಟ ಮುಖ್ಯ ಪಡೆ ನಳದುರ್ಗ, ಹುಮನಾಬಾದ್, ಜಹೀರಾಬಾದಿನ ಮೇಲೆ ಹಾದು ಹೋಯಿತು, ಎಂದರೆ ನಮ್ಮ ತಾಲ್ಲೂಕಿನ ನೆತ್ತಿಯ ಮೇಲೆ. ಜೋಕುಮಾರ ತಿರುಗಬೇಕಾದ ಏಳು ದಿನಗಳೊಳಗೇ ಈ ಐದು ದಿನಗಳು ಬಿದ್ದಿವೆ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದಿದ್ದ ರಜಾಕಾರರ ಹಾವಳಿಯಿಂದ ಗಡಿಯ ಹಳ್ಳಿಗಳು ಅರ್ಧ ಖಾಲಿಯಾಗಿದ್ದವು.

ಹಾಲುಹಲ್ಲಿನಲ್ಲಿ ಮುಂದಿನವು ಬೀಳುವುದು ಆರು-ಏಳರ ವಯಸ್ಸಿಗೆ. ಹಾಗಾದರೆ ಹುಟ್ಟಿದ್ದು 1941 ಅಥವಾ 42. 1936 ಎಂದರೆ ಆ ವರ್ಷ ಆಕೆಗೆ ಹನ್ನೆರಡು, ಬಾಯಿ ತುಂಬ ಹಲ್ಲು. ಇನ್ನು ಎರಡನೆಯ ಮಾತು. ಕಲಬುರಗಿ, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದು ಲಗ್ನದ ಮೂರನೆಯ ವರ್ಷವಾದರೆ ಲಗ್ನ 1953 ಇಲ್ಲವೆ 54. ಹನ್ನೆರಡನ್ನು ಕಳೆದರೆ ಮತ್ತೆ ಅದೇ 1941-42. ಹಾಲಿ ರೂಪಾಯಿ ಆಗ ಇನ್ನೂ ಚಲಾವಣೆಯಲ್ಲಿತ್ತೆಂದು ಬೀದರಿನವರು ಹೇಳಿಯೇ ಇದ್ದಾರೆ. ಹಲ್ಲು, ಪೇಢೆ, ರೂಪಾಯಿ ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಕಾರ್ಡು ಒಂದು ಮಾತ್ರ ಬೇರೆ ಹೇಳುತ್ತದೆ. ವೃದ್ಧಾಪ್ಯ ವೇತನದ ಅರ್ಜಿ ಬರೆದ ಯಾರೋ ಪುಣ್ಯಾತ್ಮರು ನಾಲ್ಕಾರು ವರ್ಷ ಸೇರಿಸಿ ಉಪಕಾರ ಮಾಡಿರಬೇಕು. ನಾನೂ ಹಾಗೆ ಹಲವರಿಗೆ ಬರೆದುಕೊಟ್ಟಿದ್ದೇನೆ, ಸುಳ್ಳಾಡಲಾರೆ.

ಬೂಬಮ್ಮನ ಮಾತಿಗೆ ಒಂದು ಟಿಪ್ಪಣಿ ಸೇರಿಸಬೇಕು. ನಮ್ಮ ಹಿರಿಯರು ‘ಗದ್ದಲ’ ಎಂಬ ಒಂದೇ ಶಬ್ದದಲ್ಲಿ ಎರಡು ಸಂಗತಿಗಳನ್ನು ಮುಚ್ಚಿಟ್ಟರು. ರಜಾಕಾರರ ಹಿಂಸೆ ಒಂದು. ಸೇನೆ ಬಂದ ಮೇಲೆ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ನಡೆದದ್ದು ಇನ್ನೊಂದು. ಎರಡನೆಯದನ್ನು ವಿಚಾರಿಸಲು ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ತಂಡ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್‌ಗಳನ್ನು ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿಯೇ ಉಳಿಯಿತು. ಬೂಬಮ್ಮನ ಮನೆಯವರು ಯಾವ ಗದ್ದಲದಲ್ಲಿ ಹೋದರೆಂದು ಊಹಿಸುವುದು ಕಷ್ಟವಲ್ಲ. ನಿನ್ನ ಪುಸ್ತಿಕೆಯಲ್ಲಿ ಹೊಲಿಗೆಯ ಹೆಸರನ್ನು ಬಿಡಬೇಡ.

ಕಡ್ಲಿಹೊಲ (ಸೇಡಂ)

ಮಾಸ್ತರರ ಲೆಕ್ಕ ಚೊಕ್ಕವಾಗಿದೆ, ಒಪ್ಪೋಣ. ಆದರೆ ಮುದುಕರ ನೆನಪನ್ನು ಇಷ್ಟು ಗಟ್ಟಿಯಾಗಿ ಹಿಡಿಯಬಹುದೇ? ಹಲ್ಲು ಬಿದ್ದ ವರ್ಷ ಒಂದು, ಜೋಕಪ್ಪ ಬಾರದ ವರ್ಷ ಇನ್ನೊಂದು ಇದ್ದು, ಆಮೇಲೆ ಎರಡೂ ಒಂದಾಗಿ ಕುಳಿತಿರಲೂಬಹುದಲ್ಲ?

ಬಿದ್ರಿಕುಸುರಿ

ಸೇಡಮಿನವರ ಸಂಶಯ ನ್ಯಾಯವಾದದ್ದೇ. ನಮ್ಮ ಮನೆಯಲ್ಲಿ ಅಜ್ಜಿಯ ಅಕ್ಕ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಹೇಳುವಾಗ ಒಮ್ಮೆ ಮಾವಿನಕಾಯಿ ಸುಗ್ಗಿ ಎನ್ನುತ್ತಿದ್ದಳು, ಒಮ್ಮೆ ಮಳೆಗಾಲ ಎನ್ನುತ್ತಿದ್ದಳು. ಆದರೆ ಹುಣ್ಣಿಮೆಯ ವಿಷಯದಲ್ಲಿ ನನಗೆ ಬೇರೊಂದು ಅನುಮಾನ ಬಂದಿದೆ.

ಅಕ್ಕಾವರೇ, ಗಡಿಯಾಚೆ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯ ಭೂಕಂಪ 1993ರ ಸೆಪ್ಟೆಂಬರ್ 30, ಗುರುವಾರ, ನಸುಕಿನ ನಾಲ್ಕಕ್ಕೆ ಸ್ವಲ್ಪ ಮೊದಲು ಆಯಿತು. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಪಂಚಾಂಗ ತೆಗೆದು ನೋಡಿದೆ: ಅಂದು ಕೂಡ ಭಾದ್ರಪದದ ಹುಣ್ಣಿಮೆಯೇ. ನಿಮ್ಮ ಆಯಿ ಅಂಗಳದಲ್ಲಿ ಮಲಗುತ್ತಿದ್ದುದು ಭೂಕಂಪದ ಹೆದರಿಕೆಯಿಂದ ಇರಬಹುದು. ನಮ್ಮ ಓಣಿಯಲ್ಲಿಯೂ ಎಷ್ಟೋ ಜನ ಆ ವರ್ಷ ದೀಪಾವಳಿಯವರೆಗೆ ಹೊರಗೆ ಮಲಗಿದರು. ಹಾಗಾದರೆ ಹುಣ್ಣಿಮೆಯ ರೂಢಿಗೂ 1948ಕ್ಕೂ ಸಂಬಂಧವಿಲ್ಲ, ಅದು 1993ರ ನಂತರದ್ದು. ಯಾವಾಗಿನಿಂದ ಹೊರಗೆ ಮಲಗುತ್ತಿದ್ದಳೆಂದು ಮನೆಯಲ್ಲಿ ಬಲ್ಲವರು ಯಾರಾದರೂ ಇದ್ದಾರೆಯೇ?

ಹತ್ತಿಕುಣಿಕೆರೆ

ಹಿರಿಯ ಮಗಳನ್ನು ಕೇಳು ತಂಗಿ. ತಾಯಿಯ ಭಯಗಳು ಗೊತ್ತಿರುವುದು ಹಿರಿಯ ಮಗಳಿಗೆ.

ಕಾಗಿಣಾದಂಡೆ

ಅತ್ತೆಗೆ ಫೋನ್ ಮಾಡಿದೆ. ಆಕೆ ಈಗ ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹತ್ತಿರ ಮಗನ ಮನೆಯಲ್ಲಿದ್ದಾಳೆ. ಶಾಲೆಯ ದಾಖಲೆಯಂತೆ ಹುಟ್ಟಿದ್ದು 1959ರ ಜೂನ್ 1. (ಮತ್ತೆ ಜೂನ್ ಒಂದು.) ನಾನು ಒಂದು ಪ್ರಶ್ನೆ ಕೇಳಿದ್ದಕ್ಕೆ ಒಂದೂವರೆ ತಾಸು ಮಾತಾಡಿದಳು. ಅದರಲ್ಲಿ ಈ ಎಳೆಗೆ ಬೇಕಾದದ್ದನ್ನಷ್ಟೇ ಬರೆಯುತ್ತೇನೆ.

ತಾನು ಮೂರನೆಯ ಇಯತ್ತೆಯಲ್ಲಿದ್ದಾಗಲೇ ಆಯಿ ಹುಣ್ಣಿಮೆಗೆ ಅಂಗಳದಲ್ಲಿ ಮಲಗುತ್ತಿದ್ದಳು, ತನ್ನನ್ನೂ ಮಗ್ಗುಲಲ್ಲಿ ಹಾಕಿಕೊಳ್ಳುತ್ತಿದ್ದಳು ಎಂದು ಅತ್ತೆ ಖಚಿತವಾಗಿ ಹೇಳಿದಳು. ಎಂದರೆ ಅದು 1960ರ ದಶಕ, ಭೂಕಂಪಕ್ಕಿಂತ ಇಪ್ಪತ್ತೈದು ವರ್ಷ ಮೊದಲು. ಕಾರಣವನ್ನು ಆಯಿ ಆಕೆಗೆ ಒಂದೇ ಒಂದು ಸಲ ಹೇಳಿದ್ದಳಂತೆ, ಅತ್ತೆಯ ಚೊಚ್ಚಲ ಬಾಣಂತನದಲ್ಲಿ.

ಗದ್ದಲದ ವರ್ಷ ಮನೆಗಳಿಗೆ ಬೆಂಕಿ ಬೀಳುತ್ತದೆಂಬ ಸುದ್ದಿ ಹಬ್ಬಿ, ಆಯಿಯ ತಂದೆ ಹೆಂಡತಿ-ಮಕ್ಕಳನ್ನು ಕರೆದುಕೊಂಡು ಸಜ್ಜೆಯ ಹೊಲದೊಳಗೆ ಹೊಕ್ಕಿದ್ದನಂತೆ. ಆಳೆತ್ತರದ ಸಜ್ಜೆ, ತೆನೆ ಕಟ್ಟಿತ್ತು. ನಾಲ್ಕು ರಾತ್ರಿ ಅಲ್ಲಿಯೇ. ಬೆಳದಿಂಗಳು ಹಗಲಿನಂತೆ ಬಿದ್ದಿದ್ದರಿಂದ ಕೂರಲೂ ಹೆದರಿಕೆ, ನಿಲ್ಲಲೂ ಹೆದರಿಕೆ. ಮುಂದಿನ ಎರಡು ಹಲ್ಲು ಆಗಷ್ಟೇ ಬಿದ್ದಿದ್ದ ಆಯಿ ಪಿಸುಮಾತಾಡಿದರೂ ಆ ಸಂದಿಯಿಂದ ಸೀಟಿಯಂತೆ ಸದ್ದು ಬರುತ್ತಿತ್ತಂತೆ. ಅದಕ್ಕೆ ಆಕೆಯ ಅವ್ವ ರಾತ್ರಿಯಿಡೀ ಆಕೆಯ ಬಾಯಿಯ ಮೇಲೆ ಕೈ ಒತ್ತಿಕೊಂಡೇ ಮಲಗಿದ್ದಳು. ಆ ಕೈಗೆ ಸಜ್ಜೆಯ ಹಸಿ ತೆನೆಯ ವಾಸನೆ ಇತ್ತೆಂದು ಆಯಿ ಹೇಳಿದ್ದಳಂತೆ. ಸೇಡಮಿನ ಅಣ್ಣಾವರೇ, ಹಲ್ಲು ಒಂದು ವರ್ಷದ್ದು, ಜೋಕಪ್ಪ ಇನ್ನೊಂದು ವರ್ಷದವನು ಎಂದು ನನಗೆ ಈಗ ಅನಿಸುವುದಿಲ್ಲ. ತಾವು ಏನೆನ್ನುತ್ತೀರೋ ಹೇಳಿರಿ.

ಐದನೆಯ ದಿನ ಅವರು ಊರಿಗೆ ಮರಳಿದಾಗ ಅವರ ಮನೆ ಹಾಗೆಯೇ ಇತ್ತು. ಕೆಲವು ದಿನ ಕಳೆದು ಮಗ್ಗುಲ ಮನೆ ಖಾಲಿಯಾಯಿತು. ಬೂಬಮ್ಮ ಹೊಲಿಯುತ್ತಿದ್ದ ಅರ್ಧ ಕೌದಿ ಕಟ್ಟೆಯ ಮೇಲೆ ಬಹಳ ದಿನ ಬಿದ್ದಿತ್ತಂತೆ. ಆಮೇಲೆ ಅದನ್ನು ಯಾರು ತೆಗೆದುಕೊಂಡರು ಎಂದು ಅತ್ತೆ ಕೇಳಿದಾಗ ಆಯಿ ಮಗುವಿಗೆ ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳಂತೆ, ಉತ್ತರ ಕೊಡಲಿಲ್ಲವಂತೆ. ಸಂದೂಕಿನಲ್ಲಿರುವ ಕೌದಿಯನ್ನು ಮತ್ತೆ ಬಿಡಿಸಿ ನೋಡಿದೆ. ಒಂದು ಮೂಲೆ ಹರಿದಲ್ಲಿ, ಮೇಲಿನ ಸೀರೆಯ ತುಂಡುಗಳ ಕೆಳಗೆ, ಬೇರೆ ಕೈಯ ಹೊಲಿಗೆ ಇರುವ ಹಳೆಯ ಅರಿವೆಯ ಪದರವೊಂದು ಕಾಣುತ್ತದೆ. ಅದು ಏನೆಂದು ನಾನು ಬರೆಯಲಾರೆ. ಕಂಡದ್ದನ್ನು ಮಾತ್ರ ಪುಸ್ತಿಕೆಯಲ್ಲಿ ಬರೆಯುತ್ತೇನೆ.

ಮಾಸ್ತರರ ಲೆಕ್ಕವನ್ನು ಕಾಕಾನ ಮುಂದಿಟ್ಟೆ. ಕಲ್ಲಿನ ಮೇಲಿನ 88 ಹಾಗೆಯೇ ಇರುತ್ತದೆ, ಕೆತ್ತುವವನಿಗೆ ಎರಡನೆಯ ಸಲ ಹಣ ಕೊಡುವುದು ಯಾರು ಎಂದರು. ಪುಸ್ತಿಕೆಯಲ್ಲಿ ‘1941-42’ ಎಂದು ಬರೆಯುತ್ತಿದ್ದೇನೆ, ಕಾರಣವನ್ನೂ ಬರೆಯುತ್ತಿದ್ದೇನೆ. ಮಾಸ್ತರರು ಆ ಪುಟವನ್ನು ಅಚ್ಚಿಗೆ ಹೋಗುವ ಮೊದಲು ಒಮ್ಮೆ ಓದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಬೀದರಿನ ಅಣ್ಣಾವರ ಭೂಕಂಪದ ಮಾತೂ ಪೂರ್ತಿ ತಪ್ಪಲ್ಲ. 1993ರ ಆ ರಾತ್ರಿ ಆಯಿ ತವರಿನಲ್ಲಿಯೇ ಇದ್ದಳು, ತಮ್ಮನ ಮನೆಯಲ್ಲಿ, ಒಳಗೆ ಮಲಗಿದ್ದಳು. ಹೊರಗೆ ಮಲಗುವುದು ಮರುರಾತ್ರಿ ಇತ್ತು. ಗೋಡೆ ಬಿರಿದು ಮಣ್ಣು ಉದುರಿತು, ಎಲ್ಲರೂ ಓಡಿ ಬಯಲಿಗೆ ಬಂದರು, ಯಾರಿಗೂ ಪೆಟ್ಟಾಗಲಿಲ್ಲ. ಕತ್ತಲಲ್ಲಿ ಎಲ್ಲರೂ ದೇವರ ಹೆಸರು ಹೇಳುತ್ತಿದ್ದಾಗ ಆಯಿ ತಲೆಯ ಮೇಲಿನ ಮಣ್ಣು ಕೊಡವಿಕೊಂಡು ಚಂದ್ರನನ್ನು ನೋಡಿ, ‘ಈ ಸರ್ತಿ ಒಂದಿನ ಮೊದಲೇ ಬಂತು’ ಎಂದಳಂತೆ. ಪಕ್ಕದಲ್ಲಿ ನಿಂತಿದ್ದ ಅತ್ತೆಯ ಹೊರತು ಮತ್ತಾರಿಗೂ ಅದರ ಅರ್ಥವಾಗಲಿಲ್ಲ.